ಗಬ್ಬೂರ ಸೀಮೆಯ ಹತ್ತಿಕಟ್ಟಿಗೆಯೂ ಗೊಬ್ಬರದ ಕಾರಖಾನೆಯೂ

ಹತ್ತಿ ಬಿಡಿಸುವ ಕೆಲಸ ತೀರಿ ಹೊಲಗಳು ತೆರವಾಗುವ ದಿನಗಳಲ್ಲಿ, ರಾಯಚೂರಿನಿಂದ ಕಲ್ಮಲಾ ಮಾರ್ಗವಾಗಿ ಗಬ್ಬೂರು, ದೇವದುರ್ಗಗಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ಹೊಗೆ ಏಳುವುದು ಹೊಸ ಸಂಗತಿಯೇನೂ ಅಲ್ಲ. ಕಿತ್ತ ಹತ್ತಿಕಟ್ಟಿಗೆಯಲ್ಲಿ ಒಲೆಗೆ ಬೇಕಾದಷ್ಟನ್ನು ಮನೆಗೆ ಸಾಗಿಸಿ, ಮಿಕ್ಕುದನ್ನು ಬದುವಿಗೆ ಒಟ್ಟಿ ಬೆಂಕಿಯಿಡುವುದು ಹಲವರಿಗೆ ರೂಢಿಯಾಗಿಬಿಟ್ಟಿದೆ. ಕೆಲವು ತಿಂಗಳು ಕಳೆದು ಮುಂಗಾರಿನ ಮೋಡ ಕಾಣಿಸಿಕೊಳ್ಳುತ್ತಲೇ ಅದೇ ರಸ್ತೆಯಲ್ಲಿ ಗೊಬ್ಬರದ ಚೀಲಗಳನ್ನು ಹೇರಿಕೊಂಡ ಲಾರಿಗಳು ಬರತೊಡಗುವುವು. ಕಟ್ಟಿಗೆ ಸುಟ್ಟ ರೈತನೇ ಸಾಲ ಮಾಡಿ ಆ ಚೀಲಗಳನ್ನು ಕೊಳ್ಳುವನು. ಒಂದು ಕೈಯಿಂದ ಭೂಮಿಯ ಸಾರವನ್ನು ಗಾಳಿಗೆ ತೂರಿ, ಇನ್ನೊಂದು ಕೈಯಿಂದ ಅದರ ಅಲ್ಪಾಂಶವನ್ನು ರೊಕ್ಕ ಕೊಟ್ಟು ತರುವ ಈ ವ್ಯವಹಾರವು ಎಷ್ಟು ವರ್ಷ ನಡೆದೀತು?

ಈ ಪ್ರಶ್ನೆಗೆ ಉಪದೇಶದ ಉತ್ತರಗಳು ಬೇಕಾದಷ್ಟು ಬಂದಿವೆ. ‘ಸುಡಬೇಡಿರಿ, ಗೊಬ್ಬರ ಮಾಡಿರಿ’ ಎಂಬ ಭಿತ್ತಿಪತ್ರಗಳು ಕಚೇರಿಗಳ ಗೋಡೆಗಳನ್ನು ಅಲಂಕರಿಸಿವೆ. ಉಪದೇಶದಿಂದ ಕಟ್ಟಿಗೆ ಕೊಳೆಯುವುದಿಲ್ಲ. ಹತ್ತಿಯ ಕಟ್ಟಿಗೆಯನ್ನು ಒಬ್ಬೊಬ್ಬ ರೈತನು ತನ್ನ ತಿಪ್ಪೆಯಲ್ಲಿ ಹಾಕಿದರೆ ವರ್ಷ ಕಳೆದರೂ ಅದು ಕಟ್ಟಿಗೆಯಾಗಿಯೇ ಉಳಿದು, ಕುಂಟೆ ಹೊಡೆಯುವಾಗ ದಿಂಡಿಗೆ ಸಿಕ್ಕಿಕೊಳ್ಳುವುದು. ಅದನ್ನು ಚೂರು ಮಾಡುವ ಯಂತ್ರ, ನೀರು, ರಾಶಿಯನ್ನು ತಿರುವಿಹಾಕುವ ಸಾಧನ ಇವು ಒಬ್ಬನ ಕೈಗೆ ಎಟಕುವಂಥವಲ್ಲ. ಆದಕಾರಣ ಹಸುರು ಕಸವನ್ನೂ ಕಟ್ಟಿಗೆಯ ಕಸವನ್ನೂ ತೂಕ ಮಾಡಿ ತೆಗೆದುಕೊಂಡು, ಪಕ್ವಮಾಡಿ, ತೂಕ ಮಾಡಿ ಮಾರುವ ಒಂದು ವ್ಯಾಪಾರೀ ಕಾರಖಾನೆಯು ಈ ಸೀಮೆಗೆ ಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಅಂಥ ಕಾರಖಾನೆಯು ಬದುಕುವುದೂ ಸಾಯುವುದೂ ಅದರ ಬಾಗಿಲಲ್ಲಿ ನಿರ್ಣಯವಾಗುತ್ತದೆ. ಏನನ್ನು ಒಳಗೆ ಬಿಟ್ಟುಕೊಳ್ಳಬೇಕೆಂಬುದಕ್ಕಿಂತ ಏನನ್ನು ಬಿಟ್ಟುಕೊಳ್ಳಬಾರದೆಂಬುದೇ ಅದರ ಮೊದಲನೆಯ ಶಾಸ್ತ್ರ.

ಗಬ್ಬೂರು ಹಳೆಯ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಊರು. ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನಲ್ಲಿ, ದೇವದುರ್ಗ ತಾಲೂಕಿನ ಹೋಬಳಿಯ ಸ್ಥಳ. ಸುತ್ತ ಎರೆಹೊಲಗಳಲ್ಲಿ ಹತ್ತಿ, ತೊಗರಿ, ಮೆಣಸಿನಕಾಯಿ; ನಾರಾಯಣಪುರದ ಬಲದಂಡೆ ಕಾಲುವೆ ಮುಟ್ಟಿದ ಕಡೆ ನೀರಾವರಿ; ಮಾನವಿಯ ಕಡೆಗೆ ಸರಿದರೆ ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಭತ್ತದ ಹುಲ್ಲು, ಹಳ್ಳದ ದಂಡೆಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಬೆಳೆದ ಬಳ್ಳಾರಿ ಜಾಲಿ—ಇವು ಹಳ್ಳಿಯ ಕಡೆಯ ಸರಕು. ಪಟ್ಟಣದ ಕಡೆಯಿಂದ ಬರಬಹುದಾದುದೂ ಕಡಮೆಯಲ್ಲ: ವಿದ್ಯುತ್ ತಂತಿಗೆ ತಾಗದಂತೆ ಕಡಿದ ಬೇವಿನ ಕೊಂಬೆಗಳು, ಉದ್ಯಾನಗಳ ತರಗೆಲೆ, ಹೂವಿನ ಪೇಟೆಯಲ್ಲಿ ಮಾರಾಟವಾಗದೆ ಬಾಡಿದ ಚೆಂಡುಹೂವು, ಕಾಯಿಪಲ್ಯದ ಪೇಟೆಯ ಸೊಪ್ಪುಸದೆ. ಮರಗೆಲಸದ ಅಂಗಡಿಗಳ ಹೊಟ್ಟೂ ಇದೆ. ಅದರ ವಿಚಾರಕ್ಕೆ ಮುಂದೆ ಬರುವೆವು.

ಈ ವಿದ್ಯೆ ನಮಗೆ ಹೊಸದಲ್ಲ. ಕ್ರಿ. ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಆದರೂ ಈಗ ಜಗತ್ತಿನಲ್ಲೆಲ್ಲ ಕಾಂಪೋಸ್ಟ್ ಎಂದು ಹೆಸರಾದ ಕ್ರಮವು ಸ್ಪಷ್ಟರೂಪವನ್ನು ಪಡೆದುದು ಇಂದೂರಿನಲ್ಲಿ. ಅಲ್ಲಿ 1924ರಲ್ಲಿ ಸ್ಥಾಪಿತವಾದ ಸಸ್ಯೋದ್ಯಮ ಸಂಸ್ಥೆಯಲ್ಲಿ ಆಲ್ಬರ್ಟ್ ಹೋವರ್ಡ್ ಸಾಹೇಬರೂ ಅವರ ಸಹಾಯಕರಾದ ಯಶವಂತ ವಾಡ್ ಅವರೂ ಸೇರಿ ಪ್ರಯೋಗ ನಡೆಯಿಸಿ 1931ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಇಂದೂರಿನದೂ ಎರೆಮಣ್ಣು, ಹತ್ತಿಯ ಸೀಮೆ. ಆದುದರಿಂದ ಅವರಿಗೆ ಎದುರಾದ ತೊಡಕು ಗಬ್ಬೂರಿನವರ ತೊಡಕೇ ಆಗಿತ್ತು. ಹತ್ತಿಯ ಮತ್ತು ತೊಗರಿಯ ಕಟ್ಟಿಗೆ ಬಿರುಸು, ಕೊಳೆಯದು. ಯಂತ್ರವಿಲ್ಲದ ಕಾಲದಲ್ಲಿ ಹೋವರ್ಡರು ಕಂಡುಕೊಂಡ ಉಪಾಯವು ಸೊಗಸಾದುದು: ಕಟ್ಟಿಗೆಯನ್ನು ಹೊಲದ ದಾರಿಯ ಮೇಲೆ ಹಾಸಿಬಿಟ್ಟರು. ಬಂಡಿಯ ಗಾಲಿಯೂ ಎತ್ತುಗಳ ಗೊರಸೂ ಅದನ್ನು ಜಜ್ಜಿ ಪುಡಿಮಾಡಿದುವು. ಅನಂತರ ಅದನ್ನು ದನಗಳ ಕಾಲಡಿಗೆ ಹಾಸಿ, ಗಂಜಳ ಹೀರಿಸಿ, ಸಗಣಿ, ಗಂಜಳದ ಮಣ್ಣು, ಕಟ್ಟಿಗೆಯ ಬೂದಿಗಳೊಡನೆ ಸೇರಿಸಿ, ನೀರೂಡಿಸಿ, ಮೂರು ಬಾರಿ ತಿರುವಿಹಾಕಿದರೆ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತಿತ್ತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ ಅವರು ಇದಕ್ಕೂ ಮುಂಚೆಯೇ ಈ ದಿಕ್ಕಿನಲ್ಲಿ ಕೆಲಸ ಮಾಡಿದ್ದರು. 1939ರಲ್ಲಿ ಅದೇ ಸಂಸ್ಥೆಯ ಸಿ. ಎನ್. ಆಚಾರ್ಯರು ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರುಪದರಾಗಿ ತುಂಬಿ ಮುಚ್ಚಿಡುವ ಕ್ರಮವನ್ನು ರೂಪಿಸಿದರು. ಅದು ‘ಬೆಂಗಳೂರು ಪದ್ಧತಿ’ ಎಂದೇ ದೇಶದಲ್ಲೆಲ್ಲ ಪ್ರಖ್ಯಾತವಾಯಿತು. ಇಂದೂರಿನದು ಗಾಳಿಯಾಡಿಸಿ ತಿರುವುವ ಕ್ರಮ, ಬೆಂಗಳೂರಿನದು ಮುಚ್ಚಿ ಕಾಯುವ ಕ್ರಮ. ಮುಚ್ಚಿಟ್ಟರೆ ಕೂಲಿ ಉಳಿಯುವುದು, ಕಾಲ ಹಿಡಿಯುವುದು; ತಿರುವಿದರೆ ಕೂಲಿ ತಗಲುವುದು, ಕಾಲ ಉಳಿಯುವುದು. ವ್ಯಾಪಾರಕ್ಕೆ ಇಳಿದವನಿಗೆ ಕಾಲವೇ ಬಡ್ಡಿ. ಆದುದರಿಂದ ಕಟ್ಟಿಗೆಯ ಕಸಕ್ಕೆ ಇಂದೂರಿನ ದಾರಿಯೇ ತಕ್ಕುದು.

ಇಷ್ಟು ವಿದ್ಯೆಯಿದ್ದೂ ನಮ್ಮ ರಾಜ್ಯದಲ್ಲಿ ಗೊಬ್ಬರದ ದೊಡ್ಡ ಕಾರಖಾನೆಗಳು ಜನರ ಪ್ರೀತಿಗೆ ಏಕೆ ಪಾತ್ರವಾಗಲಿಲ್ಲ? ಇದನ್ನು ಮರೆಮಾಚದೆ ವಿಚಾರಿಸಬೇಕು. 1975ರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವು ನಗರದ ಕಸದಿಂದ ಗೊಬ್ಬರ ತಯಾರಿಸುವ ಉದ್ದೇಶದಿಂದಲೇ ಸ್ಥಾಪಿತವಾಯಿತು. ಬೆಂಗಳೂರಿನ ಆಗ್ನೇಯ ಅಂಚಿನಲ್ಲಿ, ಕೂಡ್ಲು–ಸೋಮಸುಂದರಪಾಳ್ಯದ ಬಳಿ ಅದರ ಘಟಕ. ಅಷ್ಟು ಮುಂಚೆಯೇ ಇಂಥ ಸಂಸ್ಥೆಯೊಂದನ್ನು ಕಟ್ಟಿದುದು ನಾಡಿಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಅದಕ್ಕೆ ಬಂದುದು ಬೆರಕೆ ಕಸ. ಊರು ಬೆಳೆದು ಘಟಕದ ಸುತ್ತ ಮನೆಗಳು ಎದ್ದುವು. ದುರ್ಗಂಧದ ದೂರುಗಳು ಎದ್ದುವು. ನಿವಾಸಿಗಳ ಪ್ರತಿಭಟನೆಗಳು ನಡೆದುವು. ಇತ್ತ ನಗರದ ಹೊರಗೆ ಮಾವಳ್ಳಿಪುರದಲ್ಲಿ ಕಸ ಸುರಿಯುವುದು 2012ರಲ್ಲಿ ನಿಂತಿತು. ಆ ಹೊರೆಯನ್ನು ಹೊತ್ತ ಮಂಡೂರಿನ ಗ್ರಾಮಸ್ಥರು 2014ರಲ್ಲಿ ಲಾರಿಗಳಿಗೆ ಅಡ್ಡನಿಂತರು. ಬಳಿಕ ಕನ್ನಹಳ್ಳಿ, ಸೀಗೆಹಳ್ಳಿ, ದೊಡ್ಡಬಿದರಕಲ್ಲು, ಲಿಂಗಧೀರನಹಳ್ಳಿ, ಚಿಕ್ಕನಾಗಮಂಗಲಗಳಲ್ಲಿ ಎದ್ದ ಸಂಸ್ಕರಣ ಘಟಕಗಳಿಗೂ ನೆರೆಯವರ ವಿರೋಧವು ತಪ್ಪಲಿಲ್ಲ.

ಈ ಹಳ್ಳಿಗಳ ಜನರನ್ನು ಪ್ರಗತಿವಿರೋಧಿಗಳೆಂದು ಜರೆದವರುಂಟು. ಅದನ್ನು ನಾವು ಒಪ್ಪುವುದಿಲ್ಲ. ಗೊಬ್ಬರ ಮಾಡುವೆವೆಂದು ಹೇಳಿ ಕಸದ ಗುಡ್ಡವನ್ನು ತಂದಿಟ್ಟರೆ ಯಾವ ಗ್ರಾಮಸ್ಥನು ಸುಮ್ಮನಿದ್ದಾನು? ಅಲ್ಲಿ ಸೋತದ್ದು ಕಾಂಪೋಸ್ಟ್ ವಿದ್ಯೆಯಲ್ಲ; ಸೋತದ್ದು ಬಾಗಿಲು ಕಾಯುವ ಶಿಸ್ತು. ಪ್ಲಾಸ್ಟಿಕ್ಕು, ಗಾಜು, ಬ್ಯಾಟರಿ, ಅಡಿಗೆಯ ಉಳಿಕೆ, ಎಲೆ ಎಲ್ಲವೂ ಒಂದೇ ಲಾರಿಯಲ್ಲಿ ಬಂದು ಬಿದ್ದ ಮೇಲೆ ಅದರಿಂದ ಶುದ್ಧವಾದ ಗೊಬ್ಬರವನ್ನು ಹಿಂಡಿ ತೆಗೆಯುವುದು ಹಾಲಿಗೆ ಬಿದ್ದ ಹುಳಿಯನ್ನು ಹೊರತೆಗೆದಂತೆಯೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಮತ್ತು ಉದ್ಯಾನದ ಕಸವನ್ನು ಪ್ರತ್ಯೇಕವಾಗಿ ಇಡಬೇಕೆಂದೂ, ಸುಡಬಾರದೆಂದೂ ವಿಧಿಸಿದ್ದುವು. ಕಾಗದದ ಮೇಲೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕಿರಲಿಲ್ಲ. ಗಬ್ಬೂರಿನ ಸುತ್ತ ಒಂದು ಕಾರಖಾನೆ ಏಳುವುದಾದರೆ ಅದು ಹಸುರು ಮತ್ತು ಕಟ್ಟಿಗೆಯ ಕಸಕ್ಕೆ ಮಾತ್ರ ಸೀಮಿತವಾಗಿರತಕ್ಕದ್ದು. ರಾಯಚೂರಿನ ಬೆರಕೆ ಕಸಕ್ಕೆ ಹಿಂಬಾಗಿಲಾಗತಕ್ಕದ್ದಲ್ಲ. ಈ ಜಿಲ್ಲೆ 1985ರಿಂದ ಶಕ್ತಿನಗರದಲ್ಲಿ ಕಲ್ಲಿದ್ದಲನ್ನು ಉರಿಸಿ ನಾಡಿಗೆ ಬೆಳಕು ಕೊಟ್ಟು ಬೂದಿಯನ್ನು ತನ್ನ ಪಾಲಿಗೆ ಉಳಿಸಿಕೊಂಡಿದೆ. ಇನ್ನೊಂದು ಬಗೆಯ ಬೂದಿ ನಮಗೆ ಬೇಡ.

ಇನ್ನು ಕಾರಖಾನೆಯ ಒಳಗಿನ ಕೆಲಸಕ್ಕೆ ಬರೋಣ. ವಿಷಯವು ತಿಪ್ಪೆಯದೆಂದು ವಾಚಕ ಮಹಾಶಯರು ಪುಟ ತಿರುವಬಾರದಾಗಿ ಬೇಡುವೆವು. ಇದರಲ್ಲಿ ಗಣಿತವೂ ಇದೆ, ರಸಾಯನವೂ ಇದೆ.

ರಾಶಿಯಲ್ಲಿ ಕೆಲಸ ಮಾಡುವವರು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವುಗಳಿಗೆ ಇಂಗಾಲವು ಅನ್ನ, ಸಾರಜನಕವು ಬೇಳೆ. ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಇದ್ದರೆ ಅವು ಹುರುಪಿನಿಂದ ಕೆಲಸ ಮಾಡುವುವು. ಸಗಣಿಯಲ್ಲಿ ಈ ಪ್ರಮಾಣವು ಸುಮಾರು 20, ಹಸಿ ಹುಲ್ಲಿನಲ್ಲಿ 15ರಿಂದ 25, ಭತ್ತದ ಒಣಹುಲ್ಲಿನಲ್ಲಿ 80ರ ಸಮೀಪ, ಮರದ ಹೊಟ್ಟಿನಲ್ಲಿ ನೂರಾರು. ಬರಿಯ ಕಟ್ಟಿಗೆಯ ರಾಶಿ ವರ್ಷಗಟ್ಟಲೆ ಅಲ್ಲಾಡದು. ಬರಿಯ ಹಸಿ ಸೊಪ್ಪಿನ ರಾಶಿ ಎರಡೇ ದಿನಗಳಲ್ಲಿ ಕೆಸರಾಗಿ ನಾರುವುದು. ಎರಡನ್ನೂ ಹದವರಿತು ಬೆರೆಸುವುದೇ ಕೌಶಲ್ಯ. ಕಟ್ಟಿಗೆಯ ಚೂರು ರಾಶಿಯೊಳಗೆ ಗಾಳಿಗೆ ಎಡೆ ಕೊಡುವುದು. ಸೊಪ್ಪು, ಸಗಣಿ, ಕುರಿಹಿಕ್ಕೆ ಸಾರಜನಕವನ್ನು ಕೊಡುವುವು. ದೋಆಬಿನಲ್ಲಿ ದನಗಳು ಕಡಮೆಯಾಗಿ ಟ್ರ್ಯಾಕ್ಟರುಗಳು ಹೆಚ್ಚಿರುವಾಗ ಸಗಣಿಗೆ ಕೊರತೆಯೆಂಬುದು ನಿಜ. ಆದರೆ ಕುರಿಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ.

ಮೊದಲ ಕೆಲಸ ಚೂರು ಮಾಡುವುದು. ಹೋವರ್ಡರ ಬಂಡಿಯ ಗಾಲಿಗೆ ಬದಲಾಗಿ ಈಗ ಕಟ್ಟಿಗೆ ಕತ್ತರಿಸುವ ಯಂತ್ರಗಳುಂಟು; ಟ್ರ್ಯಾಕ್ಟರಿಗೆ ಜೋಡಿಸಿ ಹೊಲದಲ್ಲಿಯೇ ನಡೆಯಿಸುವಂಥವೂ ಇವೆ. ಕಟ್ಟಿಗೆಯನ್ನು ಹಾಗೆಯೇ ಹೇರಿದರೆ ಟ್ರಾಲಿ ತುಂಬ ಗಾಳಿಯನ್ನೇ ಸಾಗಿಸಿದಂತಾಗುವುದು. ಹೊಲದಲ್ಲಿ ಚೂರು ಮಾಡಿ ಹೇರಿದರೆ ಸಾಗಣೆಯ ವೆಚ್ಚದಲ್ಲಿ ದೊಡ್ಡ ಉಳಿತಾಯ. ಬೇರಿಗೆ ಅಂಟಿದ ಎರೆಮಣ್ಣನ್ನೂ ಕಲ್ಲನ್ನೂ ಕೊಡವದೆ ಹಾಕಿದರೆ ಯಂತ್ರದ ಅಲಗುಗಳು ಬೇಗ ಮೊಂಡಾಗುವುವು. ಲೆಕ್ಕ ಹಾಕುವವರು ಡೀಸೆಲ್ಲಿನ ವೆಚ್ಚವನ್ನು ಬರೆದು ಅಲಗಿನ ವೆಚ್ಚವನ್ನು ಮರೆಯುವುದೇ ಹೆಚ್ಚು.

ಬೆರೆಸಿದ ಸರಕನ್ನು ಉದ್ದುದ್ದ ಸಾಲುಗಳಾಗಿ ಒಟ್ಟುವರು. ಬುಡದಲ್ಲಿ ಮೂರು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ, ಐವತ್ತು ಮೀಟರ್ ಉದ್ದದ ಒಂದು ಸಾಲು ಸುಮಾರು 150 ಘನ ಮೀಟರ್ ಹಿಡಿಯುವುದು. ತೇವಗೂಡಿದ ಮೇಲೆ ಅದರ ತೂಕ ಸುಮಾರು 60ರಿಂದ 75 ಟನ್. ಸಾಲುಗಳ ನಡುವೆ ಯಂತ್ರ ತಿರುಗುವಷ್ಟು ದಾರಿ ಬಿಡಬೇಕು. ಒಂದು ಎಕರೆಯಲ್ಲಿ ಎಂಟು ಸಾಲಿಗಿಂತ ಹೆಚ್ಚಿನ ಆಸೆ ಬೇಡ. ಬಂದ ಸರಕಿಗೂ ಮಾಗುವ ಗೊಬ್ಬರಕ್ಕೂ ಬೇರೆ ಸ್ಥಳ ಬೇಕು. ನೆಲವು ಗಟ್ಟಿಯಾಗಿ ಒಂದು ಕಡೆಗೆ ಇಳುಕಲಾಗಿರಬೇಕು. ಎರೆಮಣ್ಣಿನ ಮೇಲೆ ನೇರವಾಗಿ ಅಂಗಳ ಮಾಡಿದವನು ಮೊದಲ ಮಳೆಗೆ ಯಂತ್ರವನ್ನು ಕೆಸರಿನಲ್ಲಿ ಹೂಳುವನು. ರಾಶಿಯಿಂದ ಬಸಿದ ಕಂದು ನೀರು ಬಾವಿಗಾಗಲಿ ಹಳ್ಳಕ್ಕಾಗಲಿ ಸೇರಕೂಡದು. ಅದನ್ನು ಹೊಂಡದಲ್ಲಿ ಹಿಡಿದು ಮರಳಿ ರಾಶಿಗೇ ಹೊಡೆಯತಕ್ಕದ್ದು.

ಎರಡು ಮೂರು ದಿನಗಳಲ್ಲಿ ರಾಶಿ ಕಾಯತೊಡಗುವುದು. 55ರಿಂದ 65 ಡಿಗ್ರಿ ಸೆಲ್ಸಿಯಸ್ ಶಾಖವು ಕೆಲವು ದಿನ ನಿಂತರೆ ಕಳೆಯ ಬೀಜವೂ ರೋಗಾಣುಗಳೂ ಬಹುಮಟ್ಟಿಗೆ ಸಾಯುವುವು. ಜಾಲಿಕಾಯಿ ತಿಂದ ಕುರಿಯ ಹಿಕ್ಕೆಯಲ್ಲಿ ಜಾಲಿಬೀಜವು ಹೊಲದಿಂದ ಹೊಲಕ್ಕೆ ಪ್ರಯಾಣ ಮಾಡುವುದನ್ನು ಬಲ್ಲವರಿಗೆ ಈ ಶಾಖದ ಬೆಲೆ ತಿಳಿಯುವುದು. ಹತ್ತಿಯ ಗುಲಾಬಿ ಕಾಯಿಕೊರಕದ ಮಾತೂ ಇಲ್ಲಿ ಬರಬೇಕು: ಗಿಡದಲ್ಲಿ ಉಳಿದ ಒಣಕಾಯಿಗಳಲ್ಲಿ ಆ ಹುಳು ಅಡಗಿಕೊಂಡು ಮುಂದಿನ ಬೆಳೆಗೆ ಕಾಯುವುದು. ಕಟ್ಟಿಗೆಯನ್ನು ಬದುವಿನಲ್ಲಿ ಬಣವೆಯೊಟ್ಟಿ ಬಿಡಬಾರದೆಂದು ಕೃಷಿಪಂಡಿತರು ಹೇಳುವುದು ಇದಕ್ಕಾಗಿಯೇ. ರೈತನು ಬೆಂಕಿಯಿಡುವುದಕ್ಕೂ ಇದೊಂದು ಕಾರಣ. ಚೂರು ಮಾಡಿ ಬಿಸಿ ರಾಶಿಗೆ ಸೇರಿಸಿದರೆ ಹುಳುವೂ ಸಾಯುವುದು, ಕಟ್ಟಿಗೆಯೂ ಉಳಿಯುವುದು. ಆದರೆ ಕಾರಖಾನೆಯವನು ಕಟ್ಟಿಗೆಯನ್ನು ತಂದು ಚೂರು ಮಾಡದೆ ತಿಂಗಳುಗಟ್ಟಲೆ ಅಂಗಳದಲ್ಲಿ ಗುಡ್ಡೆ ಹಾಕಿದನೆಂದರೆ ಅವನು ಊರಿಗೆಲ್ಲ ಹುಳುವಿನ ಸಾಕಣೆ ನಡೆಸಿದಂತೆ.

ನೀರಿನ ಲೆಕ್ಕವು ಇದಕ್ಕಿಂತ ಗಂಭೀರವಾದುದು. ರಾಶಿಯ ತೇವವು ನೂರಕ್ಕೆ 50ರಿಂದ 60 ಇರಬೇಕು. ಹಿಡಿ ಸರಕನ್ನು ಹಿಂಡಿದರೆ ಅಂಗೈ ಒದ್ದೆಯಾಗಬೇಕು, ನೀರು ಧಾರೆಯಾಗಬಾರದು. ಒಣಗಿದ ಹತ್ತಿಕಟ್ಟಿಗೆಯಲ್ಲಿ ತೇವವು ನೂರಕ್ಕೆ 12ರ ಸುಮಾರು ಎಂದಿಟ್ಟುಕೊಂಡರೂ, ಒಂದು ಟನ್ ಕಟ್ಟಿಗೆಯನ್ನು ಹದಕ್ಕೆ ತರಲು ಹತ್ತಿರಹತ್ತಿರ ಒಂದು ಸಾವಿರ ಲೀಟರ್ ನೀರು ಬೇಕು. ಅದೂ ಒಂದು ಸಲಕ್ಕೆ. ರಾಯಚೂರಿನ ಬೇಸಿಗೆ 40 ಡಿಗ್ರಿಯನ್ನು ದಾಟಿ ಹೀರುವ ನೀರು ಬೇರೆ. ಹತ್ತಿಕಟ್ಟಿಗೆ ಒದಗುವುದು ಬೇಸಿಗೆಯ ಮುಖದಲ್ಲಿ, ಕಾಲುವೆಯ ನೀರು ನಿಲ್ಲುವುದೂ ಸರಿಸುಮಾರು ಆಗಲೇ. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ಊರಿನಲ್ಲಿ ಕಸಕ್ಕೆ ಕೊಳವೆಬಾವಿಯ ನೀರನ್ನು ಹರಿಸುವವನನ್ನು ಯಾರೂ ಕ್ಷಮಿಸರು. ಆದಕಾರಣ ಕಟ್ಟಿಗೆಯನ್ನು ಬೇಸಿಗೆಯಲ್ಲಿ ಚೂರು ಮಾಡಿ ಒಣಗಿಯೇ ತಗ್ಗಾದ ರಾಶಿಗಳಲ್ಲಿ ಕೂಡಿಟ್ಟು, ಮುಂಗಾರು ಹಿಡಿದ ಮೇಲೆ ಅಂಗಳದ ಮಳೆನೀರನ್ನು ಹೊಂಡದಲ್ಲಿ ನಿಲ್ಲಿಸಿ ಬೆರಕೆಗೆ ತೊಡಗುವುದೇ ಯುಕ್ತವೆಂದು ನಮಗೆ ತೋರುತ್ತದೆ. ಪಟ್ಟಣದ ಸಂಸ್ಕರಿಸಿದ ಬಚ್ಚಲ ನೀರು ದೊರೆತರೆ ಇನ್ನೂ ಲೇಸು. ಅದನ್ನು ಪರೀಕ್ಷೆ ಮಾಡಿಸಿ ಬಿಸಿ ಘಟ್ಟಕ್ಕೆ ಮುಂಚೆ ಮಾತ್ರ ಉಪಯೋಗಿಸಬೇಕು.

ಒಣಚೂರಿನ ರಾಶಿಗೆ ಬೆಂಕಿಯ ಭಯವುಂಟು. ಹೊರಗಿನ ಕಿಡಿಯಷ್ಟೇ ಅಲ್ಲ, ಎತ್ತರವಾಗಿ ಒಟ್ಟಿದ ಅರೆತೇವದ ರಾಶಿಯು ಒಳಗಿನ ಕಾವಿನಿಂದ ತಾನೇ ಹೊತ್ತಿಕೊಳ್ಳುವುದೂ ಉಂಟು. ರಾಶಿ ತಗ್ಗಾಗಿರಲಿ, ನಡುವೆ ಅಗಲವಾದ ಓಣಿ ಇರಲಿ, ಉದ್ದನೆಯ ಉಷ್ಣಮಾಪಕವನ್ನು ದಿನಾಲು ಚುಚ್ಚಿ ನೋಡಿ ಪುಸ್ತಕದಲ್ಲಿ ಬರೆಯುವ ಒಬ್ಬ ನಂಬಿಕೆಯ ಆಳಿರಲಿ. ಕಾವು 65ನ್ನು ಮೀರಿದರೆ ತಿರುವಬೇಕು. ನಾರಿದರೆ ಗಾಳಿ ಸಾಲದೆಂದು ತಿಳಿದು ಆಗಲೂ ತಿರುವಬೇಕು. ಸರಿಯಾಗಿ ನಡೆಯುವ ಅಂಗಳದಲ್ಲಿ ಮಳೆ ಬಿದ್ದ ಕಾಡಿನ ವಾಸನೆಯೇ ಹೊರತು ದುರ್ಗಂಧವಿರುವುದಿಲ್ಲ. ಧೂಳು ಮಾತ್ರ ಇರುವುದು. ಅದರಲ್ಲಿರುವ ಬೂಷ್ಟಿನ ಕಣಗಳು ಎದೆಗೆ ಒಳ್ಳೆಯವಲ್ಲ. ತಿರುವುವ, ಜರಡಿ ಹಿಡಿಯುವ ಆಳುಗಳಿಗೆ ಮುಖವಸ್ತ್ರ ಕೊಡದೆ ದುಡಿಸಿಕೊಳ್ಳುವ ಕಾರಖಾನೆಗೆ ಸ್ವದೇಶಿಯ ಹೆಸರು ಒಪ್ಪದು.

ಎರಡು ಮೂರು ತಿಂಗಳ ಬಿಸಿಘಟ್ಟ, ಒಂದೆರಡು ತಿಂಗಳ ಮಾಗುವಿಕೆ, ಅನಂತರ ಜರಡಿ. ಜರಡಿಯ ಮೇಲೆ ಉಳಿದ ಕಟ್ಟಿಗೆಯ ತುಣುಕನ್ನು ಬಿಸಾಡಬಾರದು. ಅದೇ ಮುಂದಿನ ರಾಶಿಗೆ ಹೆಪ್ಪು.

ಈಗ ಬಾಗಿಲಿಗೆ ಮರಳುವೆವು. ಬಣ್ಣ ಬಳಿದ ಬಾಗಿಲು, ಅಂಟುಹಾಕಿದ ಪ್ಲೈವುಡ್ಡು, ಅವನ್ನು ಕೊಯ್ದ ಹೊಟ್ಟು, ಔಷಧಿ ಹೊಡೆದ ಕಂಬ ಇವುಗಳಲ್ಲಿ ಒಂದನ್ನೂ ಒಳಗೆ ಬಿಡಕೂಡದು. ಶಕ್ತಿನಗರದ ಬೂದಿ ಅಗ್ಗವೆಂದು ಅದನ್ನು ಬೆರೆಸಿ ತೂಕ ಹೆಚ್ಚಿಸುವ ಬುದ್ಧಿವಂತರು ಹುಟ್ಟಬಹುದು. ಹೋವರ್ಡರು ಹಾಕಿದುದು ಕಟ್ಟಿಗೆಯ ಬೂದಿ, ಕಲ್ಲಿದ್ದಲ ಬೂದಿಯಲ್ಲಿ ಭಾರಲೋಹಗಳ ಅಂಶವುಂಟು. ಕಳೆನಾಶಕದ ವಿಷಯದಲ್ಲಿ ಅಮೆರಿಕದ ಸ್ಪೋಕೇನ್ ಪಟ್ಟಣದ ಅನುಭವವು ಕಣ್ಣು ತೆರೆಸುವಂಥದು. ಅಲ್ಲಿ 2000ದ ಸುಮಾರಿಗೆ, ಹುಲ್ಲಿಗೆ ಹೊಡೆದಿದ್ದ ಕ್ಲೋಪೈರಾಲಿಡ್ ಎಂಬ ಕಳೆನಾಶಕವು ಕಾಂಪೋಸ್ಟಿನ ಕಾವಿನಲ್ಲಿಯೂ ನಾಶವಾಗದೆ ಉಳಿದು, ಆ ಗೊಬ್ಬರ ಹಾಕಿದವರ ಟೊಮೇಟೊ ಮೊದಲಾದ ಬೆಳೆಗಳು ಸೊಟ್ಟಗಾದುವು. ದ್ವಿದಳ ಬೆಳೆಗಳಿಗೆ ಆ ಔಷಧವು ಇನ್ನೂ ಶತ್ರು. ನಮ್ಮದು ತೊಗರಿಯ ಸೀಮೆ. ಆದುದರಿಂದ ಬಂದ ಸರಕಿಗೆ ಯಾವ ಔಷಧ ಹೊಡೆದಿದ್ದರೆಂದು ಕೇಳಿ ಬರೆಯುವ ಪುಸ್ತಕವೊಂದು ಕಾಟಾದ ಬಳಿಯಲ್ಲಿಯೇ ಇರಬೇಕು. ಪ್ರತಿಯೊಂದು ರಾಶಿಯ ಗೊಬ್ಬರದಲ್ಲಿ ನಾಲ್ಕು ಹುರುಳಿಕಾಳು ಊರಿ ಮೊಳಕೆಯನ್ನು ನೋಡಿ ಮಾರಬೇಕು. ಇದಕ್ಕೆ ಖರ್ಚೂ ಇಲ್ಲ, ಪಂಡಿತರೂ ಬೇಡ.

ರಸಗೊಬ್ಬರ ನಿಯಂತ್ರಣ ಆಜ್ಞೆಯಲ್ಲಿ ಪಟ್ಟಣದ ಕಾಂಪೋಸ್ಟಿಗೆ ಇಟ್ಟಿರುವ ಅಳತೆಗಳನ್ನು ಕನ್ನಡಿಯಾಗಿ ಇಟ್ಟುಕೊಳ್ಳಬಹುದು: ತೇವ ನೂರಕ್ಕೆ 15ರಿಂದ 25, ಇಂಗಾಲ-ಸಾರಜನಕದ ಪ್ರಮಾಣ 20ಕ್ಕಿಂತ ಕಡಮೆ, ನೂರಕ್ಕೆ 90 ಪಾಲು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯತಕ್ಕದ್ದು, ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸೇರಿ ನೂರಕ್ಕೆ 1.2ಕ್ಕೆ ಕಡಮೆಯಾಗಬಾರದು, ಸೀಸವು ಕಿಲೋಗ್ರಾಮಿಗೆ 100 ಮಿಲಿಗ್ರಾಮನ್ನು ಮೀರಬಾರದು.

ಈ 1.2 ಎಂಬ ಅಂಕೆಯಲ್ಲಿಯೇ ವ್ಯಾಪಾರದ ಸತ್ವಪರೀಕ್ಷೆಯಿದೆ. ಒಂದು ಟನ್ ಗೊಬ್ಬರದಲ್ಲಿ ಆ ಲೆಕ್ಕದಂತೆ 12 ಕಿಲೋಗ್ರಾಂ ಪೋಷಕಾಂಶ. 45 ಕಿಲೋಗ್ರಾಮಿನ ಒಂದು ಯೂರಿಯಾ ಚೀಲದಲ್ಲಿ ಸಾರಜನಕವೊಂದೇ ಸುಮಾರು 20.7 ಕಿಲೋಗ್ರಾಂ. ಸರಕಾರದ ಸಹಾಯಧನದಿಂದ ಆ ಚೀಲದ ಬೆಲೆಯನ್ನು, ಬೇವಿನ ಲೇಪ ಮತ್ತು ತೆರಿಗೆಗಳನ್ನು ಬಿಟ್ಟು, 2018ರಲ್ಲಿ 242 ರೂಪಾಯಿಗೆ ಕಟ್ಟಿಹಾಕಿದರು. ಯೂರಿಯಾದೊಡನೆ ಈ ಅಖಾಡದಲ್ಲಿ ಕುಸ್ತಿಗಿಳಿದ ಕಾಂಪೋಸ್ಟು ಮೊದಲ ಪಟ್ಟಿಗೇ ಬೀಳುವುದು. ‘ನಮ್ಮ ಗೊಬ್ಬರ ಹಾಕಿದರೆ ಚೀಲ ಬೇಡ’ ಎಂದು ಸಾರುವ ಕಾರಖಾನೆಯವನು ರೈತನಿಗೆ ಮೋಸ ಮಾಡುವನು, ಮರುವರ್ಷ ತಾನೂ ಮುಳುಗುವನು. ಕಾಂಪೋಸ್ಟು ಕೊಡುವುದು ಬೇರೆಯೇ ವಸ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗೆ ಅಂಟಾಗುವ ಎರೆಮಣ್ಣಿಗೆ ಅದು ಸಡಿಲತೆಯನ್ನು ಕೊಡುವುದು. ಮಸಾರಿಗೆ ತೇವ ಹಿಡಿಯುವ ಶಕ್ತಿಯನ್ನು ಕೊಡುವುದು. ಹಾಕಿದ ಯೂರಿಯಾ ನೀರಿನೊಡನೆ ಕೊಚ್ಚಿಹೋಗದಂತೆ ತಡೆಯುವುದು. ಚೀಲವು ಬೆಳೆಗೆ ಊಟ; ಇದು ಭೂಮಿಗೆ ಮೈ.

ಹಾಗಿದ್ದರೆ ರೈತನು ಇದಕ್ಕೆ ರೊಕ್ಕ ಕೊಟ್ಟಾನೇ ಎಂದು ಅಧಿಕಾರಿಗಳು ಕೇಳುವರು. ಈ ಪ್ರಶ್ನೆಗೆ ಉತ್ತರವು ಹೊಲದಲ್ಲಿಯೇ ಇದೆ. ಕುರಿಗಾರರನ್ನು ಕರೆಯಿಸಿ, ಹೊಲದಲ್ಲಿ ಕುರಿ ನಿಲ್ಲಿಸಿ, ರಾತ್ರಿಯ ಲೆಕ್ಕದಲ್ಲಿ ಕಾಳನ್ನೋ ರೊಕ್ಕವನ್ನೋ ಕೊಡುವ ಪದ್ಧತಿಯು ಈ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಿಕ್ಕೆಗೆ ಬೆಲೆ ಕಟ್ಟಬಲ್ಲವನು ಗೊಬ್ಬರಕ್ಕೆ ಬೆಲೆ ಕಟ್ಟಲಾರನೆಂಬುದು ಪಟ್ಟಣದವರ ಭ್ರಮೆ. ಅವನು ಕೊಳ್ಳದಿರುವುದು ಗಾಜುಚೂರು ಬೆರೆತ ಗೊಬ್ಬರವನ್ನು. ಒಮ್ಮೆ ಕಾಲಿಗೆ ಚುಚ್ಚಿಸಿಕೊಂಡವನು ಹತ್ತು ವರ್ಷ ಆ ಕಡೆ ನೋಡನು.

ಆದರೂ ಮಾರಾಟವೊಂದರಿಂದಲೇ ಕಾರಖಾನೆ ನಡೆಯದು. 100 ಟನ್ ಸರಕು ಹಾಕಿದರೆ ಹೊರಬರುವುದು ಅದರ ಅರ್ಧವೋ ಅದಕ್ಕೂ ಕಡಮೆಯೋ. ಉಳಿದುದು ಆವಿಯಾಗಿ, ವಾಯುವಾಗಿ ಹೋಗುವುದು. ಇದನ್ನು ತಿಳಿಯದೆ ಕಟ್ಟಿಗೆಗೆ ಹೆಚ್ಚು ಬೆಲೆ ತೆತ್ತವನ ಗತಿ ಸ್ಪಷ್ಟ. ಪಶ್ಚಿಮದ ದೇಶಗಳಲ್ಲಿ ಇಂಥ ಅಂಗಳಗಳು ಕಸ ತಂದವನಿಂದ ಇಳಿಸುವ ಶುಲ್ಕವನ್ನು ಪಡೆದೇ ಬದುಕುವುವು. ಇಲ್ಲಿಯೂ ಪಟ್ಟಣದ ಕೊಂಬೆ ತರಗೆಲೆಗಳಿಗೆ ನಗರಸಂಸ್ಥೆಯು ಟನ್ನಿಗೆ ಇಷ್ಟೆಂದು ಶುಲ್ಕ ಕೊಡುವುದು ನ್ಯಾಯ. ರೈತನಿಂದ ಮಾತ್ರ ಶುಲ್ಕ ಕೇಳಲಾಗದು, ಅವನ ಕಟ್ಟಿಗೆಗೆ ಪ್ರತಿಯಾಗಿ ಗೊಬ್ಬರವನ್ನೇ ತೂಕ ಮಾಡಿ ಕೊಡುವುದು ಲೇಸು. ಕೇಂದ್ರ ಸರಕಾರವು 2016ರಲ್ಲಿ ಪಟ್ಟಣದ ಕಾಂಪೋಸ್ಟಿಗೆ ಟನ್ನಿಗೆ 1500 ರೂಪಾಯಿಯ ಮಾರಾಟ ಸಹಾಯವನ್ನು ಘೋಷಿಸಿತು. 2021ರಲ್ಲಿ ಅದು ನಿಂತಿತು. ಇಂದು ಬಂದು ನಾಳೆ ಹೋಗುವ ಸಹಾಯಧನದ ಮೇಲೆ ಬಂಡವಲು ಹೂಡುವುದು ನೀರಿನ ಮೇಲೆ ಪಾಯ ಹಾಕಿದಂತೆ.

ಒಂದು ಆಕ್ಷೇಪವನ್ನು ನಾವು ಹಗುರವಾಗಿ ಕಾಣಲಾರೆವು. ಹತ್ತಿಕಟ್ಟಿಗೆಯು ಬಡವರ ಒಲೆಯ ಸೌದೆ. ಭೂಮಿಯಿಲ್ಲದ ಕೂಲಿಯ ಹೆಣ್ಣುಮಕ್ಕಳು ಹೊಲದವನನ್ನು ಕೇಳಿ ಹೊರೆ ಕಟ್ಟಿಕೊಂಡು ಹೋಗುವರು. ಅನಿಲದ ಸಿಲಿಂಡರು ಮನೆಗೆ ಬಂದಿದ್ದರೂ ಅದನ್ನು ಮರಳಿ ತುಂಬಿಸುವ ರೊಕ್ಕ ಎಲ್ಲರಲ್ಲಿಯೂ ಇರುವುದಿಲ್ಲ. ಇಂದು ಪುಕ್ಕಟೆಯಾದುದಕ್ಕೆ ನಾಳೆ ಕಾರಖಾನೆಯು ಬೆಲೆ ಕಟ್ಟಿತೆಂದರೆ ಮೊದಲು ತಣ್ಣಗಾಗುವುದು ಆ ಒಲೆಗಳು. ಆದುದರಿಂದ ಒಲೆಯ ಪಾಲು ತೆಗೆದು ಮಿಕ್ಕುದು, ಎಂದರೆ ಈಗ ಬದುವಿನಲ್ಲಿ ಉರಿದುಹೋಗುವುದು ಮಾತ್ರ, ಕಾರಖಾನೆಗೆ ಎಂಬ ಕಟ್ಟಳೆಯನ್ನು ಗ್ರಾಮಸಭೆಯಲ್ಲಿಯೇ ಮಾಡಿ ಬರೆದಿಡಬೇಕು. ಜಾಲಿಯನ್ನು ಕಡಿಯುವ ಕೆಲಸವನ್ನು ಇದೇ ಮನೆಗಳವರಿಗೆ ಕೂಲಿಗೆ ಕೊಟ್ಟರೆ ಸೌದೆಗೂ ಸರಕಿಗೂ ಅದೇ ಒದಗುವುದು.

ಅಧಿಕಾರಿಗಳಿಂದ ಆಗಬೇಕಾದ ಕೆಲಸ ಬಹಳವಿಲ್ಲ. ಕೃಷಿಭೂಮಿಯಲ್ಲಿ ಅಂಗಳ ಮಾಡುವುದಕ್ಕೆ 1964ರ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಪರಿವರ್ತನೆ, ಮಾಲಿನ್ಯ ನಿಯಂತ್ರಣ ಮಂಡಲಿಯ ಸಮ್ಮತಿ, ಕೃಷಿ ಇಲಾಖೆಯ ಅನುಮತಿ—ಈ ಮೂರು ಕಾಗದಗಳು ಮೂರು ಕಚೇರಿಗಳಲ್ಲಿ ಮಾಗುವಷ್ಟರಲ್ಲಿ ರಾಶಿಯು ಮೂರು ಸಲ ಮಾಗಿರುತ್ತದೆ. ಅರ್ಜಿದಾರನನ್ನು ಅಲೆಯಿಸದೆ, ಸ್ಥಳವನ್ನು ಕಣ್ಣಾರೆ ಕಂಡು, ಊರಿಗೂ ಬಾವಿಗೂ ದೂರವೇ ಎಂದು ಅಳೆದು ನೋಡಿ, ಕೊಡುವುದಿದ್ದರೆ ಕೊಡಲಿ, ಇಲ್ಲವಾದರೆ ಇಲ್ಲವೆನ್ನಲಿ. ಕೊಟ್ಟ ಮೇಲೆ ಬಾಗಿಲಲ್ಲಿ ಬೆರಕೆ ಕಸದ ಲಾರಿ ಒಂದೇ ಒಂದು ಕಂಡರೂ ಕೊಟ್ಟುದನ್ನು ಹಿಂತೆಗೆಯಲಿ.

ಮೊದಲ ವರ್ಷಕ್ಕೆ ಎರಡು ಸಾಲು ಸಾಕು. ಗಬ್ಬೂರಿನ ಕೆಲವು ರೈತರು ಕೂಡಿ, ಅಥವಾ ಅಲ್ಲಿಯ ಸಹಕಾರಿ ಸಂಘವು ಮುಂದೆ ಬಂದು, ಚೂರು ಮಾಡುವ ಯಂತ್ರವನ್ನು ಬಾಡಿಗೆಗೆ ತಂದು ತೊಡಗಬಹುದು. ರಾಯಚೂರಿನಲ್ಲಿ 2009ರಲ್ಲಿ ಸ್ಥಾಪಿತವಾದ ಕೃಷಿ ವಿಶ್ವವಿದ್ಯಾಲಯವಿದೆ. ಗೊಬ್ಬರದ ಪರೀಕ್ಷೆಗೂ ಮಣ್ಣಿನ ಪರೀಕ್ಷೆಗೂ ದೂರ ಹೋಗಬೇಕಾದುದಿಲ್ಲ. ಸಿದ್ಧವಾದ ಗೊಬ್ಬರವನ್ನು ಮೆಣಸಿನಕಾಯಿಯ ಹೊಲವೊಂದರ ಅರ್ಧಕ್ಕೆ ಎಕರೆಗೆ ಎರಡು ಮೂರು ಟನ್ನಿನಂತೆ ಹಾಕಿ, ಇನ್ನರ್ಧಕ್ಕೆ ಹಾಕದೆ, ಎರಡಕ್ಕೂ ಒಂದೇ ಬೀಜ, ಒಂದೇ ನೀರು ಕೊಟ್ಟು ಇಳುವರಿಯನ್ನು ತೂಗಲಿ. ಕಟ್ಟಿಗೆಯ ತೂಕ, ನೀರು, ಡೀಸೆಲ್ಲು, ಅಲಗು, ಕೂಲಿ, ಬಂದ ಗೊಬ್ಬರ, ಮಾರಿದ ಬೆಲೆ ಇವುಗಳ ಲೆಕ್ಕವನ್ನು ಲಾಭವಾಗಲಿ ನಷ್ಟವಾಗಲಿ ಇದ್ದುದಿದ್ದಂತೆ ಬರೆದು ಯಾರು ಕಳುಹಿಸಿದರೂ, ಈ ಪುಟದಲ್ಲಿಯೇ ಒಂದಂಕೆಯನ್ನೂ ಬಿಡದೆ ಪ್ರಕಟಿಸಲು ನಾವು ಸಿದ್ಧರಿದ್ದೇವೆ.